ನಿರ್ಜನ ದ್ವೀಪದಲ್ಲಿ ನಮ್ಮ ಮನೆ

ನನ್ನ ನಾದಿನಿಯ ಮಗಳು ಐರ್ಲೆಂಡಿನಲ್ಲಿ ನರ್ಸು. ಡ್ಯೂಟಿ ಇಲ್ಲದ ಭಾನುವಾರ ವಿಡಿಯೋ ಕಾಲ್ ಮಾಡುತ್ತಾಳೆ. ಹಿಂದೂಪುರದಲ್ಲಿ ನನ್ನದೊಂದು ರವಿಕೆ ಹೊಲಿಯುವ ಅಂಗಡಿ ಇದೆ. ಫೋನನ್ನು ದಾರದ ಡಬ್ಬಕ್ಕೆ ಒರಗಿಸಿಟ್ಟು, ಹುಕ್ಸು ಹಾಕುತ್ತಲೇ ಅವಳ ಮಾತು ಕೇಳುತ್ತೇನೆ. ಆ ಭಾನುವಾರ ಅವ್ವನೂ ಪಕ್ಕದಲ್ಲಿದ್ದಳು. ಕಲ್ಯಾಣದುರ್ಗದಿಂದ ಬ್ರಹ್ಮಸಮುದ್ರದ ಕಡೆಗೆ ಹೋಗುವ ದಾರಿಯಲ್ಲಿ ಒಂದು ದೊಡ್ಡ ಕೆರೆ, ಆ ಕೆರೆಯ ದಡದಲ್ಲಿ ನಮ್ಮೂರು. ಅಲ್ಲಿ ಅಣ್ಣನ ಜೊತೆ ಇರುವವಳು, ಕಣ್ಣಿನ ಪೊರೆ ತೆಗೆಸಿಕೊಳ್ಳಲು ನನ್ನ ಮನೆಗೆ ಬಂದಿದ್ದಳು. ಕಪ್ಪು ಕನ್ನಡಕ ಹಾಕಿಕೊಂಡು ಫೋನಿಗೆ ಮೂಗು ತಾಗಿಸಿ ಕೂತಿದ್ದಳು.

ಹುಡುಗಿ ಯಾವುದೋ ಗುಡ್ಡದ ಮೇಲೆ ನಿಂತಿದ್ದಳು. ಗಾಳಿಗೆ ಅವಳ ಕೂದಲು ಬಾಯಿಗೆ ಹೋಗುತ್ತಿತ್ತು. "ಅತ್ತೆ, ಇದೊಂದು ದ್ವೀಪ. ದೋಣಿಯಲ್ಲಿ ಬಂದೆ. ಆ ಕಡೆ ನೋಡಿ, ಅಮೆರಿಕದವರೆಗೂ ಬರೀ ನೀರು" ಅಂತ ಫೋನನ್ನು ಸುತ್ತ ತಿರುಗಿಸಿದಳು. ಅದರ ಹೆಸರನ್ನೂ ಹೇಳಿದಳು, ನನ್ನ ನಾಲಗೆಗೆ ಹತ್ತಲಿಲ್ಲ. ಒಂದು ಮರ ಇಲ್ಲ. ಗಾಳಿ ಮರವನ್ನು ಏಳಗೊಡುವುದಿಲ್ಲವಂತೆ. ಹುಲ್ಲು, ಕಲ್ಲು, ಕುರಿ, ಅಷ್ಟೇ. ಹೊಲದಲ್ಲಿ ಎದ್ದ ಕಲ್ಲನ್ನೇ ಹೆಕ್ಕಿ, ಗಾರೆ ಇಲ್ಲದೆ ಪೇರಿಸಿದ ಗೋಡೆಗಳು ಇದ್ದವು. ನಮ್ಮ ಕಂಬದೂರಿನ ಕಡೆ ಹೊಲದ ಸುತ್ತ ಇರುವಂಥವೇ. ಅಲ್ಲಿನ ಜನ ಆಲೂಗಡ್ಡೆ ಬೆಳೆದು, ಮೀನು ಹಿಡಿದು, ಉಣ್ಣೆ ನೂತು ಬದುಕಿದ್ದರಂತೆ. ಮರದ ಪಟ್ಟಿಯ ಹಂದರಕ್ಕೆ ಡಾಂಬರು ಬಳಿದ ಬಟ್ಟೆ ಹೊದಿಸಿ ದೋಣಿ ಮಾಡುತ್ತಿದ್ದರಂತೆ. ದನಗಳನ್ನು ಆ ದೋಣಿಯ ಪಕ್ಕದಲ್ಲಿ ಈಜಿಸಿಕೊಂಡೇ ದಡ ಮುಟ್ಟಿಸುತ್ತಿದ್ದರಂತೆ.

"ನಮ್ ಪುಟ್ಟಿ ಕಣೇ ಅದು! ಉದ್ದುಕ್ಕೆ ಮಾಡವ್ರೆ, ಅಷ್ಟೇಯ" ಅಂದಳು ಅವ್ವ. ಬಿದಿರಿನ ಹರಿಗೋಲಿಗೆ ನಮ್ಮ ಕಡೆ ಪುಟ್ಟಿ ಅನ್ನುತ್ತೇವೆ.

ಬಿರುಗಾಳಿ ಶುರುವಾದರೆ ವಾರಗಟ್ಟಲೆ ಆ ದ್ವೀಪಕ್ಕೆ ದೋಣಿ ಬರುತ್ತಿರಲಿಲ್ಲ, ಜನ ಡಾಕ್ಟರಿಲ್ಲದೆ ಸಾಯುತ್ತಿದ್ದರು. ಕೊನೆಗೆ ಸರ್ಕಾರದವರು ಎಲ್ಲರನ್ನೂ ದಡಕ್ಕೆ ಕರೆತಂದರು. ಈಗ ಸೂರಿಲ್ಲದ ಮನೆಗಳು ಮಾತ್ರ ಇವೆ. ಆದರೆ ಒಂದೊಂದು ಮನೆಯ ಮುಂದೂ ಒಂದೊಂದು ಫಲಕ. ಇಲ್ಲಿ ಯಾರಿದ್ದರು, ಏನು ಕೆಲಸ ಮಾಡುತ್ತಿದ್ದರು, ಕೊನೆಗೆ ಎಲ್ಲಿಗೆ ಹೋದರು ಎಂದು ಬರೆದಿದ್ದಾರೆ. ಬಂಡೆಗಳಿಗೆಲ್ಲ ಹೆಸರು. ಹುಡುಗಿ ಅದನ್ನೆಲ್ಲ ಓದಿ ಹೇಳಿದಳು. ಆಮೇಲೆ ಒಂದು ಸ್ಮಶಾನ ತೋರಿಸಿದಳು. "ಇಲ್ಲಿಂದ ಹೋದವರು ಎಲ್ಲೇ ತೀರಿಕೊಳ್ಳಲಿ, ಇಲ್ಲೇ ಮಣ್ಣಾಗಬೇಕು ಅಂತ ಆಸೆಪಟ್ಟಿದ್ದರೆ ದೋಣಿಯಲ್ಲಿ ವಾಪಸು ತರುತ್ತಾರಂತೆ ಅಜ್ಜಿ" ಅಂದಳು.

ಅವ್ವ ಅದನ್ನು ಮತ್ತೆ ಹೇಳಿಸಿದಳು. ಫೋನ್ ಇಟ್ಟ ಮೇಲೆ ಅಂದಳು: "ನನ್ನೂ ದಿಬ್ಬುಕ್ಕೇ ತಕೊಂಡೋಗ್ರಿ ಕಣಮ್ಮ. ನಿಮ್ಮಪ್ಪನ ಪಕ್ಕದಾಗೆ ಇಡ್ರಿ."

ದಿಬ್ಬ ಅಂದರೆ ನಮ್ಮ ದ್ವೀಪ. ಹೌದು, ನಮಗೂ ಒಂದಿತ್ತು. ಅನಂತಪುರದ ಸೀಮೆಯಲ್ಲಿ ದ್ವೀಪವೇ ಎಂದು ನಗುವವರು ನಗಲಿ. ನಮ್ಮೂರ ಕೆರೆಯ ನಟ್ಟನಡುವೆ ಒಂದು ಕಲ್ಲುಗುಡ್ಡ. ಕೆರೆ ತುಂಬಿದರೆ ದ್ವೀಪ, ಬತ್ತಿದರೆ ಬರೀ ಗುಡ್ಡ. ಮೂಡಲಿಗೆ ಒಂದರ ಮೇಲೊಂದು ಗುಂಡುಕಲ್ಲುಗಳು, ಪಡುವಲ ಇಳಿಜಾರಿನಲ್ಲಿ ಹುಣಸೆಮರ, ತೆಂಕಲಿಗೆ ಮನೆಗಳು, ಬಡಗಲ ಮಟ್ಟಸದ ನೆಲದಲ್ಲಿ ನಮ್ಮ ಹಿರೀಕರ ಸಮಾಧಿಗಳು. ನಮ್ಮ ಬಂಡೆಗಳಿಗೂ ಹೆಸರಿತ್ತು ಸ್ವಾಮಿ. ಉಣ್ಣೆ ಒಣಹಾಕುವುದು ಉಣ್ಣೆಬಂಡೆ. ನಡುವೆ ಗುಳಿಬಿದ್ದು ಹುಣಸೆಬೀಜ ಅರೆಯಲು ಹೇಳಿ ಮಾಡಿಸಿದಂತಿದ್ದದ್ದು ಗಂಜಿಗುಂಡು. ಆ ಗಂಜಿ ಬಳಿದರೇ ಕಂಬಳಿಯ ಎಳೆ ಗಟ್ಟಿಯಾಗುವುದು. ಎದುರು ದಡದಲ್ಲೊಂದು ತೋಳನ ಗುಂಡು. ತೋಳ ಅದರ ಮೇಲೆ ಕೂತು, ನೀರಿನಾಚೆ ಮೇಯುತ್ತಿದ್ದ ನಮ್ಮ ಕುರಿಗಳನ್ನು ನೋಡಿ ಜೊಲ್ಲು ಸುರಿಸಬೇಕಿತ್ತು, ಅಷ್ಟೇ.

ನಮ್ಮವರು ಅಲ್ಲಿ ಮನೆ ಕಟ್ಟಿದ್ದೇ ಅದಕ್ಕೆ. ಕುರಿ ಸಾಕಿ ಕಂಬಳಿ ನೇಯುವ ಜನ ನಾವು. ನೀರು ನಿಂತರೆ ಕುರಿಗೆ ಕಾವಲೇ ಬೇಡ, ನೀರೇ ಕಾಯುತ್ತಿತ್ತು. ಉಣ್ಣೆ ಕತ್ತರಿಸುವ ಮುಂಚೆ ಕುರಿಗಳನ್ನು ದಿಬ್ಬದಿಂದ ದಡಕ್ಕೆ ಈಜಿಸುತ್ತಿದ್ದರು. ಅಪ್ಪ ಮುಂದಿನ ಟಗರಿನ ಕೊಂಬು ಹಿಡಿದು ನೀರಿಗಿಳಿದರೆ ಮಿಕ್ಕವೆಲ್ಲ ದಬದಬ ಅಂತ ಹಿಂದೆ ಬೀಳುತ್ತಿದ್ದವು. ದಡ ಸೇರುವಷ್ಟರಲ್ಲಿ ಉಣ್ಣೆಯ ಕೊಳೆಯೆಲ್ಲ ಕೆರೆಯ ಪಾಲು. ಹಿಂದುಳಿದ ಮರಿಗಳನ್ನು ಅವ್ವ ಪುಟ್ಟಿಯಲ್ಲಿ ಹಾಕಿಕೊಂಡು ಬರುತ್ತಿದ್ದಳು, ನಾನು ಆ ಮರಿಗಳ ನಡುವೆ ಕೂತಿರುತ್ತಿದ್ದೆ.

ಪ್ರತಿ ಮನೆಯಲ್ಲೂ ಬಾಗಿಲ ಬೆಳಕು ಬೀಳುವ ಕಡೆ ನೆಲದಲ್ಲಿ ಒಂದು ಕುಳಿ, ಸುತ್ತ ಚಪ್ಪಡಿ. ಅದು ಮಗ್ಗದ ಕುಳಿ. ನೇಯುವವನು ಅದರಲ್ಲಿ ಕಾಲು ಇಳಿಬಿಟ್ಟು ಕೂರಬೇಕು. ಹೆಂಗಸರು ಆ ಕುಳಿಗೆ ಕಾಲಿಡುವಂತಿರಲಿಲ್ಲ. ನೂಲುವುದು ನಾವು, ಗಂಜಿ ಕಾಯಿಸುವುದು ನಾವು, ಬಳಿಯುವುದು ನಾವು, ಕುಳಿ ಗುಡಿಸುವುದೂ ನಾವೇ. ಗುಡಿಸುವಾಗಲೂ ಮೇಲಿನಿಂದಲೇ ಬಗ್ಗಿ ಗುಡಿಸಬೇಕು. ಇಳಿದರೆ ಮೈಲಿಗೆ! ಈಗ ನೆನೆಸಿಕೊಂಡರೂ ನನಗೆ ಸಿಟ್ಟು ಬರುತ್ತದೆ. ಅವ್ವ ಮಾತ್ರ ಅದನ್ನು ಒಂದು ದಿನವೂ ಮೀರಲಿಲ್ಲ. ಅಪ್ಪ ಕುಳಿಯಲ್ಲಿ, ಅವಳು ಕುಳಿಯ ಅಂಚಿನಲ್ಲಿ ರಾಟೆ ಹಿಡಿದುಕೊಂಡು. ನನಗೆ ನೆನಪಿರುವ ಅವರಿಬ್ಬರ ಸಂಸಾರ ಅಂದರೆ ಅಷ್ಟೇ.

ಅಪ್ಪ ಜ್ವರ ಬಂದು ದಿಬ್ಬದಲ್ಲೇ ತೀರಿಕೊಂಡ. ನಾನಾಗ ಚಿಕ್ಕವಳು. ಮುಂದೆ ಕೆಲವೇ ವರ್ಷಕ್ಕೆ ಜೀಪಿನಲ್ಲಿ ಬಂದವರು, ಕೆರೆಯ ಕಟ್ಟೆ ಎತ್ತರಿಸುತ್ತೇವೆ, ಈ ಒಂದು ಮಳೆಗಾಲ ದಡದಲ್ಲಿರಿ, ಆಮೇಲೆ ವಾಪಸು ಹೋಗುವಿರಂತೆ ಅಂದರು. ನಮ್ಮವರು ನಂಬಿದರು. ಎಂಥಾ ನಂಬಿಕೆ ಅಂದರೆ, ಮಗ್ಗದ ಸಾಮಾನನ್ನೂ ಅಲ್ಲೇ ಬಿಟ್ಟು ಬಂದರು. ಆ ಮಳೆಗಾಲ ಇನ್ನೂ ಮುಗಿದಿಲ್ಲ. ದಡದಲ್ಲಿ ಸೈಟು ಕೊಟ್ಟು, ಇನ್ನು ಇದೇ ನಿಮ್ಮೂರು ಅಂದುಬಿಟ್ಟರು. ಮನೆಗಳ ಜಂತೆ ಬಾಗಿಲು ಯಾರ್ಯಾರ ಪಾಲಾದವೋ. ಆಮೇಲೆ ಮಳೆ ಕೈಕೊಟ್ಟು ಕೆರೆಯೇ ಬತ್ತಿಹೋಯಿತು. ಆಗೆಲ್ಲ ಒಡೆದ ಮಣ್ಣಿನ ಮೇಲೆ ನಡೆದುಕೊಂಡೇ ಹೋಗಿ ಅಪ್ಪನಿಗೆ ಎಡೆ ಇಟ್ಟು ಬರುತ್ತಿದ್ದೆವು. ಈಚೆಗೆ ಕಾಲುವೆಯ ನೀರು ಬಂದು ಕೆರೆ ಮತ್ತೆ ತುಂಬಿತು. ಜನ ಸಂತೋಷಪಟ್ಟರು, ನಾವೂ ಪಟ್ಟೆವು. ಬೋಟಿಂಗ್ ಗುತ್ತಿಗೆದಾರ ಅನ್ನುವವನೊಬ್ಬ ಬರುತ್ತಾನೆ ಎಂದು ಯಾರಿಗೆ ಗೊತ್ತಿತ್ತು?

ಕಣ್ಣು ವಾಸಿಯಾದ ಮೇಲೆ ಅವ್ವ ಒಂದೇ ಹಟ ಹಿಡಿದಳು. ದಿಬ್ಬ ನೋಡಬೇಕು, ಅಪ್ಪನ ಪಕ್ಕ ಜಾಗ ಗುರುತು ಮಾಡಿ ತೋರಿಸಬೇಕು. ಮಡಕಶಿರಾ, ಪಾವಗಡದ ಮೇಲೆ ಬಸ್ಸು ಹಿಡಿದು ಕರೆದುಕೊಂಡು ಹೋದೆ. ಕೆರೆಯ ದಡದಲ್ಲಿ ಅಣ್ಣ ಮುಖ ಸಣ್ಣಗೆ ಮಾಡಿಕೊಂಡು ನಿಂತಿದ್ದ. "ಈಗೇನ್ ನೋಡ್ತೀಯವ್ವಾ ಅಲ್ಲಿ, ಬ್ಯಾಡ ಬುಡು" ಅಂದ. ಅವನಿಗೆ ಅರ್ಧಂಬರ್ಧ ಗೊತ್ತಿತ್ತು, ಬಾಯಿ ಬಿಟ್ಟಿರಲಿಲ್ಲ ಅನ್ನುವುದು ನನಗೆ ಆಮೇಲೆ ತಿಳಿಯಿತು.

ನಮ್ಮ ಮನೆಗೆ ಹೋಗಲು ನಾವೇ ಟಿಕೆಟ್ ತಗೊಂಡೆವು. ಬೋಟಿನವನು ಅವ್ವನಿಗೆ ಕೇಸರಿ ಬಣ್ಣದ ಜಾಕೆಟ್ ತೊಡಿಸಿ ಬೆಲ್ಟು ಬಿಗಿದ. "ನನ್ ಮದ್ವೇಲೂ ಹಿಂಗೆ ಸಿಂಗಾರ ಮಾಡಿರ್ಲಿಲ್ಲ ಕಣಪ್ಪಾ" ಅಂತ ಅವಳು ನಕ್ಕಳು. "ಈ ನೀರ್ನಾಗೆ ಕುರಿ ಈಜ್ಸಿದೋಳು ನಾನು. ನೀನ್ ಮುಳುಗುದ್ರೆ ಹೇಳು, ಎತ್ಕೊಂಡ್ ಬತ್ತೀನಿ."

ಇಳಿದ ಕೂಡಲೇ ಒಂದು ದೊಡ್ಡ ಬೋರ್ಡು. ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ಬರೆದಿದ್ದರು. ನಾನು ತೆಲುಗು ಓದಿಕೊಂಡೆ. ನಿರ್ಜನ ದ್ವೀಪ, ಇಲ್ಲಿ ಯಾವ ಕಾಲದಲ್ಲೂ ಜನವಸತಿ ಇರಲಿಲ್ಲ, ಪ್ರಕೃತಿಯ ಮಡಿಲು, ಇನ್ನೂ ಏನೇನೋ. ನನ್ನ ಮೈ ಉರಿದುಹೋಯಿತು. ಯಾವ ಕಾಲದಲ್ಲೂ! ಅಲ್ಲಾ, ನಾನು ಹುಟ್ಟಿದ್ದು ಎಲ್ಲಿ ಹಾಗಾದರೆ, ಆಕಾಶದಲ್ಲಾ? ಓದಲು ಬಾರದ ಅವ್ವ, ಏನಂತೆ ಏನಂತೆ ಅಂತ ಸೆರಗು ಜಗ್ಗಿದಳು. ಬಿಸಿಲು ಜಾಸ್ತಿ ಇದೆ, ಜೋಪಾನ ಅಂತ ಬರೆದಿದ್ದಾರೆ ಎಂದು ಹೇಳಿ ಮುಂದೆ ನಡೆಸಿದೆ.

ಮುಂದೆ ನಮ್ಮ ಮನೆಗಳಿದ್ದ ತೆಂಕಲಿಗೆ ಹಗ್ಗ ಕಟ್ಟಿದ್ದರು. ಗೋಡೆಯ ಕಲ್ಲುಗಳನ್ನೆಲ್ಲ ತೆಗೆದು ದಾರಿಗೆ ಹಾಸಿ, ಕುಳಿಗಳನ್ನು ಮಾತ್ರ ಚೊಕ್ಕಟ ಮಾಡಿ ಇಟ್ಟಿದ್ದರು. ಗುತ್ತಿಗೆದಾರನ ಗೈಡು ಮೈಕು ಹಿಡಿದು ಜನರಿಗೆ ಹೇಳುತ್ತಿದ್ದ: "ಇವಿ ಆದಿಮಾನವುಲ ಸಮಾಧುಲು. ವೇಲ ಏಳ್ಳ ಕಿಂದಟಿವಿ." ಆದಿಮಾನವರ ಸಮಾಧಿಗಳಂತೆ, ಸಾವಿರಾರು ವರ್ಷದ ಹಿಂದಿನವಂತೆ! ಹಗ್ಗಕ್ಕೆ ತೂಗುಹಾಕಿದ್ದ ಬೋರ್ಡಿನಲ್ಲೂ ಅದನ್ನೇ ಬರೆದಿದ್ದರು. ನಾವು ಬಿಟ್ಟು ಬಂದ ಮಗ್ಗದ ಕುಳಿಗಳು!

ನಾನು ಬಾಯಿ ತೆರೆಯುವ ಮುಂಚೆ ಅವ್ವ ಹಗ್ಗ ದಾಟಿ ಹೋಗಿಬಿಟ್ಟಿದ್ದಳು. ಬಾಗಿಲಿದ್ದ ಕಡೆಯಿಂದಲೇ ಒಳಗೆ ಹೋದಳು, ಗೋಡೆ ಇಲ್ಲದಿದ್ದರೂ. ಅಪ್ಪನ ಕುಳಿಯಲ್ಲಿ ಒಬ್ಬ ಹೆಂಗಸು ಬೂಟು ಹಾಕಿಕೊಂಡೇ ಇಳಿದು, ಕೈಯೆತ್ತಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದಳು. "ಏಯ್, ಮೇಲುಕ್ ಬಾಮ್ಮ! ಕುಳಿಗೆ ಹೆಂಗುಸ್ರು ಇಳೀಬಾರ್ದು, ಚಪ್ಲಿ ಕಾಲು ಬೇರೆ!" ಅಂತ ಅವ್ವ ಗದರಿದಳು. ಆ ಹೆಂಗಸಿಗೆ ಏನೂ ಅರ್ಥವಾಗಲಿಲ್ಲ, ಹೆದರಿ ಹತ್ತಿ ಬಂದಳು. ಗೈಡು ಓಡಿಬಂದು, ಹಗ್ಗ ದಾಟಬಾರದು, ಇದು ಪುರಾತನ ಜಾಗ, ಆಚೆ ನಡಿ ಅಂತ ಅವ್ವನ ರಟ್ಟೆ ಹಿಡಿದ. ಅವನ ಕೈಯನ್ನು ಕಿತ್ತು ಹಾಕಿದೆ. ನಮ್ಮ ಮನೆಯೊಳಗಿಂದ ನಮ್ಮ ಅವ್ವನನ್ನು ಆಚೆ ಕಳಿಸುವುದಕ್ಕೆ ಇವನು ಯಾರು? ಇದು ಮಗ್ಗದ ಕುಳಿ ಕಣಯ್ಯಾ ಎಂದು ಕನ್ನಡದಲ್ಲೂ ತೆಲುಗಿನಲ್ಲೂ ಬಾಯಿ ನೋಯುವವರೆಗೆ ಹೇಳಿದೆ. ಸುತ್ತ ನಿಂತವರು ಫೋನು ಎತ್ತಿ ನನ್ನನ್ನೇ ವಿಡಿಯೋ ಮಾಡಿಕೊಂಡರು. ಅವನು, ನನಗೆ ಹೇಳಿಕೊಟ್ಟದ್ದು ಇಷ್ಟೇ ಅಮ್ಮ, ನೀವು ದೊಡ್ಡವರನ್ನು ಕೇಳಿ ಅಂದ.

ಅದಕ್ಕಿಂತ ಕೆಟ್ಟದ್ದು ಬಡಗಲಲ್ಲಿ ಕಾದಿತ್ತು. ಸಮಾಧಿಗಳ ನೆಲವನ್ನು ಮಟ್ಟ ಮಾಡಿ, ಸಿಮೆಂಟು ಸುರಿದು, ಅಣಬೆಯಂಥ ಕೊಡೆಗಳನ್ನು ನೆಟ್ಟು ಕೆಳಗೆ ಕುರ್ಚಿ ಹಾಕಿದ್ದರು. ಅಲ್ಲಿ ಕೂತು ಕೆರೆ ನೋಡಬೇಕಂತೆ. ಅವ್ವ ಎರಡು ಕುರ್ಚಿಗಳ ನಡುವೆ ನಿಂತು ಅತ್ತಿತ್ತ ನೋಡಿದಳು. ಹುಣಸೆಮರದ ಕಡೆ ನೋಡಿ, ಗುಂಡುಗಳ ಕಡೆ ನೋಡಿ, ಲೆಕ್ಕ ಹಾಕಿಕೊಂಡು ಒಂದು ಕುರ್ಚಿಯನ್ನು ಪಕ್ಕಕ್ಕೆ ಎಳೆದಳು. "ಇಲ್ಲೇ ಕಣಮ್ಮ. ಇದರ ಕೆಳುಗ್ಲೇ ಅವ್ನೆ ನಿಮ್ಮಪ್ಪ" ಅಂದಳು. ಅಪ್ಪನ ತಲೆಗೆ ನಿಲ್ಲಿಸಿದ್ದ ಕಲ್ಲು, ದೀಪ ಇಡಲು ಗೂಡು ಕೊರೆದದ್ದು, ಮೆಟ್ಟಿಲಾಗಿತ್ತು. ಜನ ಅದರ ಮೇಲೆ ಕಾಲಿಟ್ಟು ಹತ್ತಿ ಬರುತ್ತಿದ್ದರು. ಬಾಟಲಿಯಲ್ಲಿದ್ದ ನೀರನ್ನು ಅವ್ವ ಆ ಕಲ್ಲಿಗೆ ಸುರಿದು, ಸೆರಗಿನಲ್ಲಿ ಒರೆಸಿದಳು. ನಾನು ಅಲ್ಲೇ ಗಳಗಳ ಅತ್ತುಬಿಟ್ಟೆ.

ಮಾರನೆಯ ದಿನ ಅಣ್ಣನನ್ನೂ ಎಳೆದುಕೊಂಡು ಮೂವರೂ ಕಲ್ಯಾಣದುರ್ಗದ ರೆವಿನ್ಯೂ ಕಚೇರಿಗೆ ಹೋದೆವು. ಸಾಹೇಬರು ಒಳ್ಳೆಯವರೇ, ಅವ್ವನಿಗೆ ಕುರ್ಚಿ ಹಾಕಿಸಿದರು. ಒಳ್ಳೆಯ ಮಾತಿನಲ್ಲೇ ಹೊಟ್ಟೆ ಉರಿಸಿದರು. ನಾನು ನಮ್ಮ ಮನೆ, ಮಗ್ಗ, ಅಪ್ಪ ಎಲ್ಲ ಹೇಳಿ, ನಾಳೆ ಅವ್ವನಿಗೆ ಏನಾದರೂ ಆದರೆ ಅಲ್ಲೇ ಮಣ್ಣು ಮಾಡಲು ಅಪ್ಪಣೆ ಕೊಡಿ ಅಂದೆ.

"ಅಕ್ಕಡ ಎವರೂ ಲೇರು ಕದಮ್ಮಾ" ಅಂದರು ಅವರು. ಅಲ್ಲಿ ಯಾರೂ ಇರಲಿಲ್ಲವಲ್ಲ ಅಂತ. ಆಮೇಲೆ ಕನ್ನಡಕ್ಕೆ ಬಂದರು: "ಜನ ಇಲ್ದೇ ಇದ್ದ ಜಾಗದಾಗೆ ಸ್ಮಶಾನಕ್ಕೆ ಪರ್ಮಿಷನ್ ಹೆಂಗ್ ಕೊಡೋದಮ್ಮ? ಅಲ್ಲಿ ಸಮಾಧಿನೇ ಇಲ್ಲ."

"ಇಲ್ವಾ? ಮತ್ತೆ ಹಗ್ಗ ಕಟ್ಟಿ ಸಮಾಧಿ ಅಂತ ಬೋರ್ಡ್ ಹಾಕಿದ್ದೀರಲ್ಲ, ಅವೇನು?"

"ಅವು ಬೇರೆ ಅಮ್ಮ. ಅವು ಹಿಸ್ಟರಿ."

ಕೇಳಿದಿರಾ? ಅವು ಹಿಸ್ಟರಿಯಂತೆ. ನಾವು ಬದುಕಿ ಬಾಳಿದ ಜಾಗಕ್ಕೆ ಸಮಾಧಿ ಅಂತ ಹೆಸರಿಟ್ಟರು, ನಮ್ಮ ಸಮಾಧಿಗಳ ಮೇಲೆ ಕುರ್ಚಿ ಹಾಕಿದರು, ಕೇಳಲು ಹೋದರೆ ನೀವು ಇರಲೇ ಇಲ್ಲ ಅಂದರು. ಎಲ್ಲೋ ಐರ್ಲೆಂಡಿನಲ್ಲಿ, ಕಡಲಿನ ಆ ಮೂಲೆಯಲ್ಲಿ, ಮುರಿದ ಮನೆಗೂ ಒಂದು ಫಲಕ ಹಾಕುವಷ್ಟು ವ್ಯವಧಾನ ಜನಕ್ಕೆ ಇದೆ. ಇಲ್ಲಿ ದಡದಲ್ಲಿ ಕಣ್ಣೆದುರಿಗೇ ನಾವು ಕೂತಿದ್ದೇವೆ. ಬಂದು ಒಂದು ಮಾತು ಕೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಒಂದು ಲೋಟ ಮಜ್ಜಿಗೆ ಕೊಟ್ಟು ಎಲ್ಲ ಹೇಳಿ ಕಳಿಸುತ್ತಿದ್ದೆವು.

ಬಸ್‌ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ ತೆಗೆದುಕೊಂಡು ಕೂತೆವು. ಅವ್ವ ಮಂಡಕ್ಕಿಯನ್ನು ನಿಧಾನವಾಗಿ ಅಗಿಯುತ್ತಾ ಏನೋ ಯೋಚಿಸುತ್ತಿದ್ದಳು. ಬಜ್ಜಿಯ ತೊಟ್ಟು ಎಸೆದು, ಬಾಯಿ ಒರೆಸಿಕೊಂಡು ಅಂದಳು:

"ಅಲ್ಲಾ ಕಣ್ಲಾ, ಅದು ಸಮಾಧಿ ಅಂತ ಅವ್ರೇ ತಾನೇ ಬರ್ದಿರಾದು? ಹಂಗಾರೆ ಅದ್ರಾಗೇ ಇಟ್ಬುಡ್ರಿ ನನ್ನ. ಸಮಾಧೀನಾಗೆ ಹೆಣ ಇಟ್ರೆ ಯಾವನ್ ಏನಂತಾನೆ?"

ಅಣ್ಣ ಚಹಾ ಕೆಳಗಿಟ್ಟ. "ಅವ್ವಾ! ಕುಳೀನಾಗಾ? ಹೆಂಗುಸ್ರು ಕಾಲಿಡಂಗಿಲ್ಲ ಅಂತ ನೀನೇ ನಿನ್ನೆ ಬೈದ್ಯಂತಲ್ಲ."

"ಕುರ್ಚಿ ಹಾಕ್ಬುಟ್ರಲ್ಲಾ, ಅವುನ್ ಪಕ್ಕ ಜಾಗ ಎಲ್ಲೈತೆ? ಅವ್ನು ದಿನಾ ಕೂತಿದ್ದು ಕುಳೀನಾಗೆ. ಅವ್ನಿಲ್ಲ, ಮಗ್ಗ ಇಲ್ಲ, ನೇಯೋರಿಲ್ಲ. ಇನ್ಯಾತರ ಮೈಲಿಗೆನ್ಲಾ? ಒಂದಿನ ನಾನೂ ಕೂತು ನೋಡ್ತೀನಿ."

ಅವ್ವ ತಮಾಷೆಗೆ ಅಂದದ್ದು ಎಂದು ನಾನು ನನಗೆ ಸಮಾಧಾನ ಹೇಳಿಕೊಂಡೆ. ಆದರೆ ಆಮೇಲೆ ಹಿಂದೂಪುರಕ್ಕೆ ಫೋನ್ ಮಾಡಿದಾಗಲೆಲ್ಲ, ಮರೀಬ್ಯಾಡ್ರಿ ಕಣಮ್ಮ ಅಂತ ಹೇಳಿಯೇ ಫೋನ್ ಇಡುತ್ತಿದ್ದಳು.

ಮುಂದಿನ ಮಳೆಗಾಲದಲ್ಲಿ, ಕೆರೆ ಕೋಡಿ ಬಿದ್ದ ಸಮಯದಲ್ಲಿ ಅವ್ವ ಹೋಗಿಬಿಟ್ಟಳು. ಬೆಳಗಿನ ಹೊತ್ತು, ಕಾಫಿ ಕುಡಿದು ಗೋಡೆಗೊರಗಿದವಳು ಮತ್ತೆ ಏಳಲಿಲ್ಲ. ನಾನು ಹೋಗಿ ಸೇರುವಷ್ಟರಲ್ಲಿ ಅಣ್ಣ ದಡದಲ್ಲಿ ಪುಟ್ಟಿಗಳನ್ನು ತರಿಸಿ ನಿಲ್ಲಿಸಿದ್ದ. ಮೀನು ಹಿಡಿಯುವವರ ಹತ್ತಿರ ಕೇಳಿ ತಂದಿದ್ದನಂತೆ. ಒಂದು ಪುಟ್ಟಿಯಲ್ಲಿ ಗುದ್ದಲಿ, ಹಾರೆ, ಅಪ್ಪ ನೇಯ್ದಿದ್ದ ಒಂದು ಕರಿ ಕಂಬಳಿ ಇದ್ದವು.

ಗೈಡು ಓಡಿಬಂದ. "ಪರ್ಮಿಷನ್ ಐತಾ ಅಮ್ಮಾ? ಎಲ್ಲಿಗೆ ತಗೊಂಡ್ ಹೋಗ್ತಿದೀರಿ?"

"ಸಮಾಧಿಗೆ" ಅಂದೆ. "ನಿಮ್ಮ ಬೋರ್ಡೇ ಹೇಳುತ್ತಲ್ಲ, ಸಮಾಧಿ ಅಂತ. ಅಲ್ಲ ಅನ್ನೋದಾದ್ರೆ ಈಗ್ಲೇ ಹೇಳಪ್ಪಾ, ಇಷ್ಟು ಜನದ ಎದುರಿಗೆ. ಇದು ಮಗ್ಗದ ಕುಳಿ, ಇಲ್ಲಿ ಜನ ಇದ್ರು ಅಂತ ಮೈಕಿನಾಗೆ ಹೇಳ್ಬುಡು, ನಾವು ವಾಪಸ್ ಹೋಯ್ತೀವಿ."

ಅವನು ಗುತ್ತಿಗೆದಾರನಿಗೆ ಫೋನ್ ಹಚ್ಚಿದ. ಆ ಕಡೆಯಿಂದ ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ಪುಟ್ಟಿಗಳು ನೀರಿಗಿಳಿದಿದ್ದವು.

ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು. ಅಪ್ಪನ ಕುಳಿಯನ್ನು ಅಣ್ಣನೇ ಇಳಿದು ಇನ್ನಷ್ಟು ಆಳಕ್ಕೆ ಅಗೆದ. ಅವ್ವನನ್ನು ಕಂಬಳಿ ಹೊದಿಸಿ ಇಳಿಸಿದೆವು. ಬಾಗಿಲ ಬೆಳಕಿಗೆ ಮುಖ ಮಾಡಿ, ಅಪ್ಪ ಮಗ್ಗಕ್ಕೆ ಕೂರುತ್ತಿದ್ದ ಹಾಗೆಯೇ ಕೂತಳು. ಹಿಡಿಮಣ್ಣು ಹಾಕಲು ಬಗ್ಗಿದಾಗ ನನಗೆ ಅಳು ಬರಲಿಲ್ಲ. ಬಂದದ್ದು ಸಿಟ್ಟು. ಒಂದು ಜನ್ಮವೆಲ್ಲ ಅಂಚಿನಲ್ಲಿ ಕೂರಿಸಿದ ನಮ್ಮ ಕಟ್ಟಳೆಯ ಮೇಲೂ ಸಿಟ್ಟು, ಹೆಣವಾದ ಮೇಲೆ ಮಾತ್ರ ಒಳಗೆ ಬರಗೊಟ್ಟ ಆ ಬೋರ್ಡಿನ ಮೇಲೂ ಸಿಟ್ಟು.

ವಾರದೊಳಗೆ ಗುತ್ತಿಗೆದಾರ ಅಣ್ಣನ ಮನೆಬಾಗಿಲಿಗೆ ಬಂದು ಕೂಗಾಡಿದನಂತೆ. ಪುರಾತನ ಸಮಾಧಿ ಹಾಳು ಮಾಡಿದ್ದೀರಿ, ಕೇಸು ಹಾಕಿಸುತ್ತೇನೆ ಅಂತ. ಹಾಕಲಿ ಮಾರಾಯ. ನಾನೇ ಕೋರ್ಟಿಗೆ ಬರುತ್ತೇನೆ. ಅಲ್ಲಿ ಯಾರಿದ್ದರು ಎಂದು ಕೇಳಲೇಬೇಕಲ್ಲ ಆಗ? ಕೇಳಲಿ ಅಂತಲೇ ಕಾಯುತ್ತಿದ್ದೇನೆ. ಅವನು ಇನ್ನೂ ಹಾಕಿಲ್ಲ, ಬೋರ್ಡನ್ನೂ ತೆಗೆದಿಲ್ಲ.

ಊರಿಗೆ ಹೋದಾಗಲೆಲ್ಲ ಟಿಕೆಟ್ ತಗೊಂಡು, ಆ ಕೇಸರಿ ಜಾಕೆಟ್ ಕಟ್ಟಿಸಿಕೊಂಡು ದಿಬ್ಬಕ್ಕೆ ಹೋಗುತ್ತೇನೆ. ಜನರ ಹಿಂದೆ ನಿಲ್ಲುತ್ತೇನೆ. ಗೈಡು ನನ್ನನ್ನು ಕಂಡರೆ ದನಿ ತಗ್ಗಿಸುತ್ತಾನೆ, ಆದರೂ ಹೇಳುವುದು ಅದನ್ನೇ. ಇವಿ ಆದಿಮಾನವುಲ ಸಮಾಧುಲು ಅಂತ ಅವನು ಮುಗಿಸುವುದನ್ನೇ ಕಾದಿದ್ದು, ಹಿಂದಿನಿಂದ ಕೂಗಿ ಹೇಳುತ್ತೇನೆ: "ಒಂದ್ರಾಗೆ ನಮ್ಮವ್ವ ಕೂತವ್ಳೆ ಕಣಪ್ಪಾ. ಮಿಕ್ಕವೆಲ್ಲಾ ಮಗ್ಗದ ಕುಳಿ."